ಓಡಿಹೋದ ಸೊಸೆಗೆ ಕಾರ್ಡಿಲ್ಲ

ಗುಂಡಿಯಕ್ಕ ಹೊಲಿದ ಕೋಟಿನ ಗುಂಡಿಗೆ ಕ್ರೇನಿನ ಕೊಕ್ಕೆ ಸಿಕ್ಕಿಸಿ, ಒಳಗಿದ್ದ ಗಂಡಸಿನ ಸಮೇತ ಮೂರನೇ ಮಹಡಿಗೆ ಎತ್ತಿದರೂ ಆ ಗುಂಡಿ ಕಿತ್ತುಬರಲಿಲ್ಲ. ಇದರಲ್ಲಿ ಅರ್ಧ ಸುಳ್ಳಿದೆ, ಒಪ್ಪಿಕೊಳ್ಳಬೇಕು. ಅದು ಕ್ರೇನಲ್ಲ, ಆ ಗಂಡಸಿನ ಹೆಂಡತಿ. ಎತ್ತಿದ್ದೂ ಅಲ್ಲ, ಹೆಂಡದಂಗಡಿಯಿಂದ ಮನೆಯ ಬಾಗಿಲವರೆಗೆ ಎದೆಯ ಮೇಲಿನ ಒಂದೇ ಗುಂಡಿ ಹಿಡಿದು ದರದರ ಎಳೆದು ತಂದಳು. ಅವನ ಮೊಣಕಾಲಿನ ಚರ್ಮ ಕಿತ್ತುಬಂತು, ಗುಂಡಿ ಬರಲಿಲ್ಲ. ಈ ಅರ್ಧ ಮಾತ್ರ ನೂರಕ್ಕೆ ನೂರು ನಿಜ.

ಅವಳಿಗೆ ಆ ಹೆಸರು ಬಂದದ್ದು ಹಾಗೆ. ತಾಯಿ ತಂದೆ ಇಟ್ಟ ಹೆಸರು ಬ್ಯಾಂಕಿನ ಪುಸ್ತಕದಲ್ಲಿ ಮಾತ್ರ ಉಳಿದಿತ್ತು. ಅವಳಿಗೇ ಅದನ್ನು ನೆನಪಿಸಿಕೊಳ್ಳಲು ಒಂದು ಗಳಿಗೆ ಬೇಕಿತ್ತು.

ಮಾರ್ಕೆಟ್ ಕಟ್ಟಡದ ಮೆಟ್ಟಿಲ ಕೆಳಗೆ ಒಂದು ಅಂಗಡಿ. ಅಂಗಡಿ ಅನ್ನುವುದಕ್ಕಿಂತ ಬೀರು ಅಂದರೆ ಸರಿ, ಅಷ್ಟೇ ಅಗಲ. ಗಿರಾಕಿ ಒಳಗೆ ಬಂದರೆ ಗುಂಡಿಯಕ್ಕ ಹೊಟ್ಟೆ ಒಳಗೆಳೆದುಕೊಳ್ಳಬೇಕು. ಅಲ್ಲಿ ಹೊಸ ಬಟ್ಟೆ ಹೊಲಿಯುವುದಿಲ್ಲ, ಹಳೆಯದನ್ನು ಸರಿಮಾಡುತ್ತಾರೆ. ಪ್ಯಾಂಟಿನ ಉದ್ದ ಕಡಿಮೆ ಮಾಡುವುದು, ಸೊಂಟ ಬಿಚ್ಚುವುದು, ಹಲ್ಲು ಮುರಿದ ಜಿಪ್ಪು ಬದಲಿಸುವುದು, ಗುಂಡಿ ತೂರುವ ಕಾಜಾ ಹಾಕುವುದು. ಊರಿನ ಯಾವ ಗಂಡಸಿನ ಹೊಟ್ಟೆ ಎಷ್ಟು ಬೆಳೆದಿದೆ ಎಂಬುದು ಅವನ ಡಾಕ್ಟರಿಗಿಂತ ಮೊದಲು ಗುಂಡಿಯಕ್ಕನಿಗೆ ತಿಳಿಯುತ್ತಿತ್ತು. ತುಟಿಗಳ ನಡುವೆ ಗುಂಡುಸೂಜಿ ಕಚ್ಚಿಕೊಂಡು, ಕುತ್ತಿಗೆಗೆ ಟೇಪು ಹಾಕಿಕೊಂಡು, ಮದುವೆಯಾಗಿ ಬಂದ ವರ್ಷದಿಂದ ಅದೇ ಸ್ಟೂಲಿನ ಮೇಲೆ ಕೂತವಳು. ಸ್ಟೂಲು ಸವೆದು ಅವಳ ಅಳತೆಗೇ ಬಂದುಬಿಟ್ಟಿತ್ತು. ಆದರೆ ಅಂಗಡಿ ಅವಳದಲ್ಲ, ಮಾಸ್ಟರದು. ಅವಳು ಕೈಯಾಳು.

ಮಾಸ್ಟರಿಗೆ ಕಣ್ಣು ಹೋಗುತ್ತಾ ಬಂತು. ಸೂಜಿಗೆ ದಾರ ಪೋಣಿಸಲು ಕೂತರೆ ಬೆಳಿಗ್ಗೆ ಹೋಗಿ ಮಧ್ಯಾಹ್ನ ಬರುತ್ತಿತ್ತು. ಒಂದು ದಿನ ಕತ್ತರಿ ಕೆಳಗಿಟ್ಟು ಹೇಳಿದರು:

"ನೋಡಮ್ಮ, ನಾನು ಮಗಳ ಮನೆಗೆ ಹೋಗಿ ಕೂತ್ಕೋತೀನಿ. ಮಷೀನು, ಮೇಜು, ಕನ್ನಡಿ ಎಲ್ಲ ಇಲ್ಲೇ ಬಿಡ್ತೀನಿ. ಅಂಗಡಿ ನೀನೇ ತಗೋ. ಆಫೀಸ್‌ಗೆ ಹೋಗಿ ನಿನ್ನ ಹೆಸರಿಗೆ ಮಾಡಿಸ್ಕೋ."

ಗುಂಡಿಯಕ್ಕ ಬಾಯಲ್ಲಿದ್ದ ಗುಂಡುಸೂಜಿ ನುಂಗಿಬಿಟ್ಟಳು ಅಂತ ಆಮೇಲೆ ಮಾರ್ಕೆಟ್ಟಿನಲ್ಲಿ ಸುದ್ದಿಯಾಯಿತು. ನುಂಗಿರಲಿಲ್ಲ. ಉಗುಳಿದಳು, ಅಷ್ಟೇ. ಉಗುಳಿ, ಮುಖ ತೊಳೆದು, ಮಾರ್ಕೆಟ್ ಆಫೀಸಿಗೆ ಓಡಿದಳು.

ಆಫೀಸಿನ ಗುಮಾಸ್ತ ತಲೆ ಎತ್ತಲಿಲ್ಲ. "ಕ್ರೆಡಿಟ್ ಕಾರ್ಡ್ ಇದೆಯಾ?"

"ಕ್ಯಾಶ್ ಕೊಡ್ತೀನಿ ಸ್ವಾಮಿ. ಮುಂಗಡವಾಗೇ ಕೊಡ್ತೀನಿ."

"ಕ್ಯಾಶು ಇಟ್ಕೊಂಡು ನಾನೇನು ಗಾಳಿ ಹಾಕ್ಕೊಳ್ಳಲಾ? ಈಗ ಬಾಡಿಗೆ ಎಲ್ಲ ಕಾರ್ಡಿಂದಾನೇ. ತಿಂಗಳು ತಿಂಗಳು ತಾನಾಗೇ ಕಟ್ ಆಗುತ್ತೆ. ಕಾರ್ಡ್ ತಂದ್ರೆ ಅಂಗಡಿ. ಈ ತಿಂಗಳು ಮುಗಿಯೋದ್ರೊಳಗೆ ತರದಿದ್ರೆ ಮೊಬೈಲ್ ಕವರ್ ಮಾರೋನು ಬಾಗಿಲಲ್ಲೇ ಕಾಯ್ತಿದ್ದಾನೆ. ಅವನಿಗೆ ಸ್ಟೂಲೂ ಬೇಡವಂತೆ, ನಿಂತ್ಕೊಂಡೇ ಮಾರ್ತಾನಂತೆ."

ಗುಂಡಿಯಕ್ಕ ಹೆದರಲಿಲ್ಲ. ಕಾರ್ಡು ತಾನೇ? ಸಾಲದ ವಿಷಯದಲ್ಲಿ ಅವಳಷ್ಟು ಚೊಕ್ಕ ಇನ್ನೊಬ್ಬರಿರಲಿಲ್ಲ. ಮನೆಯ ಮಷೀನು ಕಂತಿನಲ್ಲಿ ತಂದವಳು, ಫ್ರಿಜ್ಜು ಕಂತಿನಲ್ಲಿ ತಂದವಳು, ಒಂದು ಕಂತೂ ತಪ್ಪಿಸಿದವಳಲ್ಲ. ಗಡುವಿಗೆ ಮೊದಲೇ ಹೋಗಿ ಕಟ್ಟಿ, "ಬೇಗ ಕಟ್ಟಿದ್ರೆ ತಪ್ಪೇನಿಲ್ಲ ತಾನೇ?" ಅಂತ ಕೇಳಿಕೊಂಡು ಬರುವವಳು. ಫೋನಿನಲ್ಲಿ ಸಾಲದ ಸ್ಕೋರು ನೋಡಿದರೆ ಹಸಿರು ಬಣ್ಣದ ಮುಳ್ಳು ಆ ತುದಿಯಲ್ಲಿ ಹೋಗಿ ನಿಂತಿರುತ್ತಿತ್ತು. ಅದನ್ನು ಗಿರಾಕಿಗಳಿಗೆ ತೋರಿಸುತ್ತಿದ್ದಳು, ಬೇರೆಯವರು ಮಕ್ಕಳ ಫೋಟೋ ತೋರಿಸುವಂತೆ. ದೊಡ್ಡ ರಸ್ತೆಯ ಬ್ಯಾಂಕಿಗೆ ಹೋಗಿ ಕಾರ್ಡಿಗೆ ಅರ್ಜಿ ಹಾಕಿದಳು. "ನಮ್ಮವರೊಬ್ಬರು ಮನೆ ನೋಡೋಕೆ ಬರ್ತಾರೆ, ಆಮೇಲೆ ಕಾರ್ಡ್ ಬಂದ ಹಾಗೇ" ಅಂದರು. ಗುಂಡಿಯಕ್ಕ ಬರುವ ದಾರಿಯಲ್ಲಿ ಬೋರ್ಡು ಬರೆಯುವವನ ಹತ್ತಿರ ನಿಂತು ಅಕ್ಷರಕ್ಕೆ ಯಾವ ಬಣ್ಣ ಚೆನ್ನ ಅಂತಲೂ ವಿಚಾರಿಸಿದಳು.

ಇಲ್ಲಿಗೆ ಕಥೆ ಮುಗಿಯಬೇಕಿತ್ತು. ಆದರೆ ಮನೆಯಲ್ಲಿ ಓರಗಿತ್ತಿ ಇದ್ದಳು.

ಆ ಮನೆಯಲ್ಲಿ ಅಣ್ಣ ತಮ್ಮ ಇಬ್ಬರೂ ಒಂದೇ ಲಾರಿಯಲ್ಲಿ. ಅಣ್ಣ ಸ್ಟೀರಿಂಗ್ ಹಿಡಿದರೆ ತಮ್ಮ ಪಕ್ಕದಲ್ಲಿ ಕೂತು ನಿದ್ದೆ ಹೊಡೆಯುವುದು. ತಿಂಗಳಿಗೊಮ್ಮೆ ಬಂದು ಬಟ್ಟೆ ಒಗೆಸಿಕೊಂಡು ಹೋಗುವ ಗಂಡಸರು ಕಥೆಗೆ ಉಪಯೋಗವಿಲ್ಲ, ಬಿಡಿ. ಮನೆಯಲ್ಲಿ ಉಳಿಯುವವರು ಮೂರು ಹೆಂಗಸರು: ಅತ್ತೆ, ದೊಡ್ಡ ಸೊಸೆ ಗುಂಡಿಯಕ್ಕ, ಚಿಕ್ಕ ಸೊಸೆ ನಾಳೆಮ್ಮ.

ನಾಳೆಮ್ಮ ಅಂದರೆ, ಯಾರು ಹಣ ಕೇಳಿದರೂ "ನಾಳೆ" ಅನ್ನುವವಳು. ಅಂಗಡಿಯವನಿಗೆ ನಾಳೆ, ಚೀಟಿಯವಳಿಗೆ ನಾಳೆ, ಬ್ಯಾಂಕಿನವರಿಗೆ ನಾಳೆ. ಆ ನಾಳೆಗಳನ್ನೆಲ್ಲ ಸಾಲಾಗಿ ನಿಲ್ಲಿಸಿದರೆ ಅವಳ ಮೊಮ್ಮಕ್ಕಳ ಮದುವೆ ದಾಟಿ ಹೋಗುತ್ತಿತ್ತು. ಹಳೆಯ ಕ್ರೆಡಿಟ್ ಕಾರ್ಡುಗಳು ಅವಳ ಬಳಿ ಇಸ್ಪೀಟಿನ ಕಟ್ಟಿನಷ್ಟು ದಪ್ಪ. ಬ್ಯಾಂಕಿನವರು ನಿಲ್ಲಿಸಿಬಿಟ್ಟ ಕಾರ್ಡಿನಲ್ಲಿ ತಳ ಹಿಡಿದ ಹಾಲಿನ ಪಾತ್ರೆ ಕೆರೆಯುತ್ತಿದ್ದಳು. "ಸ್ಟೀಲಿಗಿಂತ ಚೆನ್ನಾಗಿ ಕೆರೆಯುತ್ತಕ್ಕ, ನೋಡು" ಅಂತ ಗುಂಡಿಯಕ್ಕನಿಗೂ ಒಂದು ಕೊಟ್ಟಿದ್ದಳು.

ನಾಳೆಮ್ಮ ಅತ್ತೆಯ ತಮ್ಮನ ಮಗಳು. ಅದಕ್ಕೇ ಅವಳು ಮಾಡಿದ್ದೆಲ್ಲ ಮುದ್ದು. ಸಾಲದವರು ಮನೆಗೆ ಬರತೊಡಗಿದಾಗ ಅತ್ತೆ ಒಂದು ಕಟ್ಟಳೆ ಮಾಡಿದಳು, ಅದು ಆಮೇಲೆ ಅವರ ಮನೆಯಿದ್ದ ಇಡೀ ಕಟ್ಟಡದ ಕಟ್ಟಳೆಯಾಯಿತು. ಮೆಟ್ಟಿಲು ಹತ್ತಿ ಬರುವವನ ಬೂಟು ನೋಡಬೇಕು. ಬೂಟು ಮಿರಮಿರ ಹೊಳೆಯುತ್ತಿದ್ದರೆ ಅವನು ವಸೂಲಿಯವನು. ಅವನು "ಈ ಮನೆ ಸೊಸೆ" ಅನ್ನುವಷ್ಟರಲ್ಲಿ "ಓಡಿಹೋದಳು" ಅನ್ನಬೇಕು. ನಾಳೆಮ್ಮ ಬಚ್ಚಲಿಗೆ ಹೋಗಿ ಬಾಗಿಲು ಹಾಕಿಕೊಳ್ಳಬೇಕು. ಕೆಳಗಿನ ಗಡಿಯಾರ ರಿಪೇರಿಯವನು, ಮೇಲಿನ ಟ್ಯೂಷನ್ ಟೀಚರು, ಎಲ್ಲರಿಗೂ ಸಾಲ, ಎಲ್ಲರದೂ ಒಂದೇ ಉತ್ತರ. ಅವರ ಮನೆಗೆ ಬೂಟು ಬಂದಾಗ ಇವರು ಹೇಳುವುದು, ಇವರ ಮನೆಗೆ ಬಂದಾಗ ಅವರು ಹೇಳುವುದು.

ಅತ್ತೆಗೆ ಅದರಲ್ಲಿ ಎಂಥ ಖುಷಿ! ಸೊಸೆಯನ್ನು ಒಂದು ಸಲ ಡ್ರೈವರನ ಜೊತೆ ಓಡಿಸಿದಳು, ಒಂದು ಸಲ ಅಡುಗೆಯವನ ಜೊತೆ, ಒಂದು ಸಲ ಕನ್ನಡಕದಂಗಡಿಯವನ ಜೊತೆ. "ಹೋಗುವಾಗ ನನ್ನ ಓಲೆಯನ್ನೂ ಕಿತ್ಕೊಂಡು ಹೋದಳಪ್ಪ, ಕಿವಿ ನೋಡು" ಅಂತ ಕಿವಿ ತೋರಿಸಿ ಅಳುತ್ತಿದ್ದಳು. ಒಬ್ಬ ವಸೂಲಿಯವನು ಪಾಪ, ತನ್ನ ಕರ್ಚೀಫು ಕೊಟ್ಟು ಹೋಗಿದ್ದ.

ಗುಂಡಿಯಕ್ಕನಿಗೆ ಸುಳ್ಳು ಒಗ್ಗುತ್ತಿರಲಿಲ್ಲ. ಮೊದಮೊದಲು ತೊದಲಿದಳು. ಅತ್ತೆ ಮೂದಲಿಸಿದಳು: "ಸೂಜಿಯಷ್ಟು ಸುಳ್ಳು ಹೇಳೋಕೆ ಬರಲ್ಲ, ನೀನೆಂಥ ಹೆಂಗಸೇ?" ಮೂದಲಿಕೆ ತಿಂದೂ ತಿಂದೂ ಗುಂಡಿಯಕ್ಕನ ನಾಲಿಗೆ ಪಳಗಿತು. ಕೈ ಹೇಗೆ ಕಣ್ಣು ಮುಚ್ಚಿಕೊಂಡು ಕಾಜಾ ಹಾಕುತ್ತಿತ್ತೋ, ಬಾಯಿ ಹಾಗೇ ಕಣ್ಣು ಮುಚ್ಚಿಕೊಂಡು "ಓಡಿಹೋದಳು" ಅನ್ನತೊಡಗಿತು.

ರಜೆಯ ದಿನ ಗುಂಡಿಯಕ್ಕ ಬಾಗಿಲ ಬೆಳಕಿನಲ್ಲಿ ಕೂತು ಯಾರದೋ ಪರದೆಯ ಅಂಚು ಮಡಿಸುತ್ತಿದ್ದಳು. ತುಟಿಯಲ್ಲಿ ಸೂಜಿ. ಪಕ್ಕದ ಕುರ್ಚಿಯಲ್ಲಿ ಅತ್ತೆ ತೂಕಡಿಸುತ್ತಿದ್ದಳು. ಮೆಟ್ಟಿಲಲ್ಲಿ ಟಕಟಕ ಸದ್ದು. ಕಣ್ಣೆದುರು ಒಂದು ಜೊತೆ ಬೂಟು ಬಂದು ನಿಂತಿತು. ಎಂಥ ಹೊಳಪು ಅಂದರೆ, ಮೇಲೆ ನೇತಾಡುತ್ತಿದ್ದ ಬಲ್ಬು ಅದರಲ್ಲಿ ಕಾಣುತ್ತಿತ್ತು.

"ಅಮ್ಮಾ, ಈ ಮನೆ ಸೊಸೆ..."

ಒಳಗೆ ಬಚ್ಚಲ ಬಾಗಿಲು ಟಪ್ಪೆಂದಿತು. ಗುಂಡಿಯಕ್ಕ ತುಟಿಯಿಂದ ಸೂಜಿ ತೆಗೆದಳು.

"ಓಡಿಹೋದಳು."

ಬಂದವನು ಬೆಪ್ಪಾದ. "ಯಾವಾಗ?"

"ಆಗಲೇ ಬಹಳ ದಿನ ಆಯ್ತು."

ಅವನು ಕೈಯಲ್ಲಿದ್ದ ಕಾಗದ ನೋಡಿದ, ಬಾಗಿಲ ಮೇಲಿನ ನಂಬರು ನೋಡಿದ. ಹೊರಡಬೇಕಾದವನು ಹೊರಡಲಿಲ್ಲ. ಅವನೂ ಮನುಷ್ಯನೇ ತಾನೇ, ಕುತೂಹಲ. "ಯಾರ ಜೊತೆ?" ಅಂದ.

ಡ್ರೈವರು, ಅಡುಗೆಯವನು, ಕನ್ನಡಕದವನು ಎಲ್ಲ ಹಳಬರಾಗಿದ್ದರು. ಗುಂಡಿಯಕ್ಕನಿಗೆ ಅವತ್ತು ಎಲ್ಲಿಂದ ಹೊಳೆಯಿತೋ, "ಬ್ಯಾಂಡಿನವನ ಜೊತೆ" ಅಂದಳು. "ತುತ್ತೂರಿ ಊದೋನು. ಕೆನ್ನೆ ಇಷ್ಟಿಷ್ಟು ದಪ್ಪ. ಗಂಡನಿಗೆ ಮೋಸ, ಮನೆಗೆ ಮೋಸ. ಅಂಥವಳಿಗೆ ಯಾರಾದ್ರೂ ಸಾಲ ಕೊಟ್ರೆ ಕೊಟ್ಟವರ ಬಾಯಿಗೆ ಮಣ್ಣು!"

ಬೂಟು ಟಕಟಕ ಇಳಿದುಹೋಯಿತು. ಅತ್ತೆ ಕಣ್ಣು ತೆರೆದಳು. ನಿದ್ದೆಯಲ್ಲ, ಬರೀ ನಾಟಕ. "ಭೇಷ್!" ಅಂದು ತೊಡೆ ತಟ್ಟಿದಳು. "ತುತ್ತೂರಿ ನನಗೂ ಹೊಳೆದಿರಲಿಲ್ಲ ಕಣೇ! ಈಗ ನೀನು ನಮ್ಮನೆ ಸೊಸೆ ಆದೆ ನೋಡು."

ಮದುವೆಯಾದ ಮೇಲೆ ಅತ್ತೆಯ ಬಾಯಿಂದ ಬಂದ ಮೊದಲ ಹೊಗಳಿಕೆ. ಗುಂಡಿಯಕ್ಕ ಅವತ್ತು ಎರಡು ತುತ್ತು ಜಾಸ್ತಿ ಉಂಡಳು.

ಆ ವಾರವೇ ಫೋನಿಗೆ ಮೆಸೇಜು ಬಂತು. ಕಾರ್ಡು ಇಲ್ಲ. ನಿಮ್ಮ ಅರ್ಜಿಯನ್ನು ವಿಷಾದದಿಂದ ತಿರಸ್ಕರಿಸಲಾಗಿದೆ. ಗುಂಡಿಯಕ್ಕ ಸ್ಕೋರು ತೆಗೆದು ನೋಡಿದಳು. ಹಸಿರು ಮುಳ್ಳು ಅದೇ ತುದಿಯಲ್ಲಿ ನಿಂತು ಮುಖ ನೋಡುತ್ತಿತ್ತು. ಮಷೀನಿನ ಮೇಲೆ ಯಾರದೋ ಪ್ಯಾಂಟು ಅರ್ಧಕ್ಕೆ ಬಿಟ್ಟು ಬ್ಯಾಂಕಿಗೆ ನಡೆದಳು.

ಕೌಂಟರಿನ ಹುಡುಗಿ ಬಹಳ ಮರ್ಯಾದಸ್ತೆ. ಕಂಪ್ಯೂಟರು ನೋಡಿ ಹುಬ್ಬೇರಿಸಿದಳು. "ಅಬ್ಬಾ! ಮೇಡಂ, ನಮ್ಮ ಮ್ಯಾನೇಜರ್ ಸ್ಕೋರೂ ಇಷ್ಟಿಲ್ಲ."

"ಹಾಗಾದ್ರೆ ಕಾರ್ಡು?"

"ಕಾರ್ಡ್ ಇಲ್ಲ ಮೇಡಂ."

"ಯಾಕಮ್ಮ?"

"ನೀವು ಮನೇಲಿಲ್ಲ."

"ಇಲ್ಲಿದೀನಲ್ಲ!"

"ಇಲ್ಲಿದೀರಿ ಮೇಡಂ. ಅಲ್ಲಿಲ್ಲ. ಮನೆ ನೋಡೋಕೆ ಬಂದವರು ಹಾಗಂತ ರಿಪೋರ್ಟ್ ಕೊಟ್ಟಿದ್ದಾರೆ."

"ಯಾರು ಬಂದಿದ್ರು? ಯಾರೂ ಬಂದಿಲ್ಲ! ಕಳ್ಳ ರಿಪೋರ್ಟು! ಕರೀರಿ ಅವನನ್ನ!" ಗುಂಡಿಯಕ್ಕ ಕೂಗಿದ ಕೂಗಿಗೆ ಹಣ ಎಣಿಸುವ ಯಂತ್ರವೂ ನಿಂತುಹೋಯಿತು ಅನ್ನುತ್ತಾರೆ. ಮ್ಯಾನೇಜರು ಗಾಜಿನ ಕೋಣೆಯಿಂದ ಹೊರಬಂದರು. ಒಳಗೆ ಯಾರನ್ನೋ ಕರೆದರು. ಟಕಟಕ ಸದ್ದು ಬಂತು. ಗುಂಡಿಯಕ್ಕ ಸುಮ್ಮನೆ ನೆಲ ನೋಡುತ್ತಿದ್ದಳು. ಬಲ್ಬು ಕಾಣುವ ಬೂಟು ಅವಳೆದುರು ಬಂದು ನಿಂತಿತು.

ಬೂಟಿನವನು ಅವಳ ಮುಖ ನೋಡಿದ. ನೋಡಿ ಕೈ ತೋರಿಸಿದ.

"ಸಾರ್! ಇವರೇ ಸಾರ್! ಆ ಹೆಂಗಸು ಓಡಿಹೋದಳು ಅಂತ ನನ್ನೆದುರು ಕೂತು ಹೇಳಿದ್ದು ಇವರೇ!"

ಗುಂಡಿಯಕ್ಕನಿಗೆ ಆಗ ಹೊಳೆಯಿತು. ಸಾಲ ವಸೂಲಿಗೆ ಬಂದವನಲ್ಲ, ಸಾಲ ಕೊಡಲು ಬಂದವನು. ನಾಳೆಮ್ಮನನ್ನು ಹುಡುಕಿಕೊಂಡಲ್ಲ, ತನ್ನನ್ನೇ ಹುಡುಕಿಕೊಂಡು ಬಂದವನು. ಅವನ ಬಾಯಿಂದ ಹೆಸರು ಹೊರಡುವ ಮೊದಲೇ ತಾನೇ ತನ್ನನ್ನು ಮನೆಯಿಂದ ಓಡಿಸಿಬಿಟ್ಟಿದ್ದಳು.

"ಯಾರ ಜೊತೆ ಓಡಿಹೋದ್ರಂತೆ?" ಮ್ಯಾನೇಜರು ಕೇಳಿದರು. ಅವರೂ ಮನುಷ್ಯರೇ.

"ತುತ್ತೂರಿಯವನ ಜೊತೆ ಸಾರ್. ಸಾಲ ಕೊಟ್ಟವರ ಬಾಯಿಗೆ ಮಣ್ಣು ಅಂತಾನೂ ಅಂದ್ರು."

ಸರದಿಯಲ್ಲಿ ನಿಂತಿದ್ದ ಒಬ್ಬ ಬಾಯಿಗೆ ಮುಷ್ಟಿಯಿಟ್ಟು "ಪೆಪ್ಪೆಪ್ಪೇ" ಅಂತ ಊದಿದ. ಬ್ಯಾಂಕಿಗೆ ಬ್ಯಾಂಕೇ ನಕ್ಕಿತು. ಬಾಗಿಲು ಕಾಯುವವನು ನಗಲಾರದೆ ಬೆನ್ನು ತಿರುಗಿಸಿ ನಿಂತ. ಅವನ ಬೆನ್ನೂ ನಗುತ್ತಿತ್ತು.

ಗುಂಡಿಯಕ್ಕ ಎಲ್ಲವನ್ನೂ ಬಿಡಿಸಿ ಹೇಳಬಹುದಿತ್ತು. ಆದರೆ ಹೇಗೆ ಹೇಳುವುದು? ನನಗೊಬ್ಬಳು ಓರಗಿತ್ತಿ ಇದ್ದಾಳೆ, ನಿಮ್ಮ ಬ್ಯಾಂಕಿಗೇ ಟೋಪಿ ಹಾಕಿದ್ದಾಳೆ, ಬಚ್ಚಲಲ್ಲಿ ಅಡಗಿದ್ದಾಳೆ ಅಂತ ಹೇಳುವುದೇ? "ಬಾಯಿ ತಪ್ಪಿ ಬಂತು ಸ್ವಾಮಿ" ಅಂದಳು.

"ತುತ್ತೂರಿ ಬಾಯಿ ತಪ್ಪಿ ಬಂತಾ?" ಮ್ಯಾನೇಜರು ಕಣ್ಣೊರೆಸಿಕೊಂಡರು. "ನೋಡಿಮ್ಮ. ಫೋಟೋ ಇರೋ ಗುರುತಿನ ಚೀಟಿ ಯಾರು ಬೇಕಾದ್ರೂ ತರ್ತಾರೆ. ಆ ಮನೇಲಿ ಇದ್ದೀರಾ ಅನ್ನೋದು ನಮಗೆ ಮುಖ್ಯ. ನಿಮ್ಮ ಸ್ಕೋರ್ ನೋಡಿ ಇನ್ನೊಂದು ಸಲ ಇವನನ್ನ ಕಳಿಸ್ತೀನಿ. ನೆರೆಯವರಿಬ್ಬರು ಇಲ್ಲಿಗೆ ಬಂದು ನಿಮ್ಮ ಗುರುತು ಹೇಳಲಿ. ಇಲ್ಲಾಂದ್ರೆ ನಿಮ್ಮ ಮನೆ ಹಿರಿಯರು ಬಾಗಿಲಲ್ಲಿ ನಿಂತು, ಇವಳು ನಮ್ಮ ಸೊಸೆ, ಇಲ್ಲೇ ಇದ್ದಾಳೆ ಅಂತ ಇವನಿಗೆ ಹೇಳಲಿ. ಅಷ್ಟು ಸಾಕು."

ಅಷ್ಟು ಸಾಕಂತೆ! ಅವರಿಗೆ ಅತ್ತೆಯ ಪರಿಚಯವಿರಲಿಲ್ಲ.

ಗುಂಡಿಯಕ್ಕ ಮೊದಲು ನೆರೆಯವರನ್ನು ಕೇಳಿದಳು. ಗಡಿಯಾರದವನು ಕಣ್ಣಿನ ಭೂತಗನ್ನಡಿ ತೆಗೆಯದೆಯೇ ಅವಳನ್ನು ನೋಡಿದ, ಸೊಳ್ಳೆಯ ಕಾಲು ನೋಡುವ ಹಾಗೆ.

"ಗುಂಡಿಯಕ್ಕಾ, ನೀನು ಇದ್ದೀಯ ಅಂತ ನನಗೆ ಗೊತ್ತು, ನಿನಗೆ ಗೊತ್ತು. ಸಾಲದಾ? ಬ್ಯಾಂಕಿಗೂ ಗೊತ್ತಾಗಬೇಕಾ?"

"ನಿನ್ನ ಮನೆಗೆ ಬಂದವನಿಗೆ ನೀನು ಊರು ಬಿಟ್ಟೆ ಅಂತ ಎಷ್ಟು ಸಲ ಹೇಳಿಲ್ಲ ನಾನು?"

"ಅದನ್ನೇ ಹೇಳ್ತಿರೋದು. ಊರು ಬಿಟ್ಟವನು ಬ್ಯಾಂಕಿಗೆ ಹೇಗೆ ಬರಲಿ?"

ಟೀಚರು ಬಾಗಿಲನ್ನು ಮುಖ ತೂರುವಷ್ಟು ಮಾತ್ರ ತೆರೆದರು. "ಆ ಬ್ಯಾಂಕಾ? ಒಳಗೆ ಕಾಲಿಟ್ರೆ ನನ್ನನ್ನ ಅಲ್ಲೇ ಕೂರಿಸ್ಕೋತಾರೆ, ಹೊರಗೆ ಬಿಡಲ್ಲ. ನಿಮ್ಮ ಸ್ಕೋರ್ ಚೆನ್ನಾಗಿದೆಯಲ್ಲ, ಅದನ್ನೇ ಕಟ್ಟು ಹಾಕಿಸಿ ಗೋಡೆಗೆ ನೇತು ಹಾಕ್ಕೊಳ್ಳಿ." ಬಾಗಿಲು ಮುಚ್ಚಿತು. ಒಳಗೆ ಯಾರೋ ಮೆಲ್ಲಗೆ "ಪೆಪ್ಪೇ" ಅಂದರು. ಸುದ್ದಿ ಅವಳಿಗಿಂತ ಮೊದಲೇ ಮೆಟ್ಟಿಲು ಹತ್ತಿತ್ತು.

ಇಡೀ ಕಟ್ಟಡದಲ್ಲಿ ಬ್ಯಾಂಕಿನ ಬಾಗಿಲು ದಾಟಬಲ್ಲವಳು ಒಬ್ಬಳೇ, ಗುಂಡಿಯಕ್ಕ. ಅವಳ ಗುರುತು ಹೇಳಲು ಅವಳೊಬ್ಬಳೇ ಸಾಲುತ್ತಿರಲಿಲ್ಲ.

ಉಳಿದವಳು ಅತ್ತೆ. ಅಡುಗೆಮನೆಯಲ್ಲಿ ಅತ್ತೆಯ ಕಾಲು ಒತ್ತುತ್ತಾ ಗುಂಡಿಯಕ್ಕ ವಿಷಯ ತೆಗೆದಳು. ನಾಳೆಮ್ಮ ಕಟ್ಟೆಯ ಮೇಲೆ ಕೂತು ಕಾಲಾಡಿಸುತ್ತಾ ಟೀ ಕುಡಿಯುತ್ತಿದ್ದಳು.

"ಒಂದೇ ಒಂದು ಮಾತು ಅತ್ತೆ. ಇವಳು ನನ್ನ ಸೊಸೆ, ಇಲ್ಲೇ ಇದ್ದಾಳೆ ಅಂದ್ರೆ ಸಾಕು. ಅಂಗಡಿ ನಮ್ಮದಾಗುತ್ತೆ."

"ನಮ್ಮದಾ, ನಿನ್ನದಾ?"

"ನಮ್ಮದೇ ಅತ್ತೆ."

"ಹೂಂ. ಅಂಗಡಿ ಬಂದ್ಮೇಲೆ ಬೇರೆ ಮನೆ ಬರುತ್ತೆ. ಆಮೇಲೆ ನನ್ನ ಕಾಲು ಯಾರು ಒತ್ತೋದು? ಈ ರಾಣಿಯಾ?" ಅತ್ತೆ ನಾಳೆಮ್ಮನ ಕಡೆ ಗದ್ದ ತಿರುಗಿಸಿದಳು, ಪ್ರೀತಿಯಿಂದಲೇ. "ಇವಳು ಒತ್ತಿದ್ರೆ ಕಾಲಿನ ಬೆರಳೂ ಅಡ ಇಟ್ಟುಬಿಡ್ತಾಳೆ."

"ಅತ್ತೇ!" ನಾಳೆಮ್ಮ ನಕ್ಕಳು. "ಅದೂ ಅಲ್ದೆ ಅಕ್ಕ, ಅವನು ಅದೇ ಬ್ಯಾಂಕಿನವನು. ಈ ಮನೇಲಿ ಸೊಸೆ ಇದ್ದಾಳೆ ಅಂತ ಒಂದು ಸಲ ಬರ್ಕೊಂಡ್ರೆ, ಇನ್ನೊಬ್ಬಳೆಲ್ಲಿ ಅನ್ನಲ್ವಾ? ನಿನ್ನ ಹೆಸರಿನ ಕೆಳಗೇ ನನ್ನ ಹೆಸರಿದೆ ಅವರ ಹತ್ರ. ನಿನಗೆ ಕಾರ್ಡು, ನನಗೆ ಜೈಲು. ಚೆನ್ನಾಗಿದೆ."

"ನಿನಗೋಸ್ಕರ ನಾನು ಇಷ್ಟು ವರ್ಷ..."

"ಯಾರು ಹೇಳು ಅಂದಿದ್ರು? ತುತ್ತೂರಿ ನಾನು ಕೊಡಿಸಿದ್ನಾ?" ನಾಳೆಮ್ಮ ಲೋಟ ಕೆಳಗಿಟ್ಟು ಸೊಂಟದಿಂದ ಒಂದು ಹೊಸ ಕಾರ್ಡು ತೆಗೆದಳು. ಚಿನ್ನದ ಬಣ್ಣ, ಇನ್ನೂ ಮೇಲಿನ ಪ್ಲಾಸ್ಟಿಕ್ಕು ಸುಲಿದಿರಲಿಲ್ಲ. "ಬೇರೆ ಕಂಪನಿದು. ಫೋನಲ್ಲೇ ಕೊಟ್ರು. ತಗೊಳ್ಳಿ ಮೇಡಂ ತಗೊಳ್ಳಿ ಮೇಡಂ ಅಂತ ಗೋಗರೆದ್ರು, ಪಾಪ ಬೇಡ ಅನ್ನೋಕೆ ಮನಸ್ಸಾಗಲಿಲ್ಲ. ಮನೇನೂ ನೋಡ್ಲಿಲ್ಲ, ಮುಖಾನೂ ನೋಡ್ಲಿಲ್ಲ. ಒಂದು ಕೆಲಸ ಮಾಡೋಣಕ್ಕ. ಅಂಗಡೀನ ಈ ಕಾರ್ಡಲ್ಲಿ ತಗೊಳ್ಳೋಣ. ಬೋರ್ಡ್ ಮೇಲೆ ನನ್ನ ಹೆಸರು. ಮುಂದೆ ನಾನು ಕೂತ್ಕೋತೀನಿ, ಹಿಂದೆ ನೀನು ಹೊಲಿ. ನಿನಗೆ ಹೇಗಿದ್ರೂ ಅಭ್ಯಾಸ."

"ಬಾಡಿಗೆ?"

"ನಾಳೆ ಕಟ್ಟಿದ್ರಾಯ್ತು."

ಗುಂಡಿಯಕ್ಕ ಒತ್ತುತ್ತಿದ್ದ ಕಾಲು ಬಿಟ್ಟಳು. ಅತ್ತೆ ಕಾಲನ್ನು ಇನ್ನೊಂದು ಚೂರು ಮುಂದೆ ಚಾಚಿದಳು. "ಅವಳು ಹೇಳೋದೂ ಸರಿ ಇದೆ" ಅಂದಳು. "ಓಡಿಹೋದವಳು ಓಡಿಹೋದ ಹಾಗೇ ಇರು. ಮರ್ಯಾದೆಯಾಗಿ."

ಗುಂಡಿಯಕ್ಕ ಅಳಲಿಲ್ಲ. ಅಳು ಬರುತ್ತದೆಯೋ ಅಂತ ಅವಳೇ ಕಾದು ನೋಡಿದಳು, ಬರಲಿಲ್ಲ. ಎದ್ದು ಹೋಗಿ ಮಷೀನಿನ ಮುಂದೆ ಕೂತಳು. ಅಂಗಡಿಯ ಸವೆದ ಸ್ಟೂಲಿನ ಮೇಲೆ ಆ ಮೊಬೈಲ್ ಕವರಿನವನು ಪೆಟ್ಟಿಗೆ ಪೇರಿಸಿದ್ದು ಕಣ್ಣಿಗೆ ಕಟ್ಟಿತು. ತಾನು ಇನ್ಯಾರದೋ ಅಂಗಡಿಯ ಬಾಗಿಲಲ್ಲಿ ನಿಂತು "ಕೈಯಾಳು ಬೇಕಾ?" ಅಂತ ಕೇಳುವುದು ಕಂಡಿತು. ತನ್ನ ಮುಂದೆ, ಗಿರಾಕಿಗಳ ಎದುರು, ನಾಳೆಮ್ಮನ ಬೆನ್ನು ಕಂಡಿತು. ಮೂರರಲ್ಲಿ ಮೂರನೆಯದೇ ಹೆಚ್ಚು ಚುಚ್ಚಿತು. ಅವತ್ತು ಅವಳು ಹೊಲಿದ ಹೊಲಿಗೆಯಲ್ಲಿ ಪ್ಯಾಂಟಿನ ಎರಡು ಕಾಲೂ ಒಂದಕ್ಕೊಂದು ಸೇರಿಹೋಗಿದ್ದವು. ಬಿಚ್ಚಲು ಕತ್ತರಿಗೂ ಆಗಲಿಲ್ಲ.

ಬೂಟಿನವನು ಬರುವ ದಿನ ಬಂತು. ತಿಂಗಳು ಮುಗಿಯಲು ಬಂದಿತ್ತು, ಮಾಸ್ಟರು ತಮ್ಮ ಗಂಟು ಕಟ್ಟಿಯಾಗಿತ್ತು. ಇಡೀ ಕಟ್ಟಡಕ್ಕೆ ಅವತ್ತು ಮೆಟ್ಟಿಲಲ್ಲೇ ಕೆಲಸ. ಗಡಿಯಾರದವನು ಒಂದು ಗಡಿಯಾರ ಹಿಡಿದು ಮೆಟ್ಟಿಲ ಕೆಳಗೆ ನಿಂತ. ಟೀಚರು ಮೇಲಿನ ಮೆಟ್ಟಿಲಲ್ಲಿ ಇಲ್ಲದ ಕಸ ಗುಡಿಸುತ್ತಿದ್ದರು. ಟಕಟಕ ಕೇಳಿದ್ದೇ ನಾಳೆಮ್ಮ ಎಂದಿನಂತೆ ಬಚ್ಚಲಿಗೆ ಓಡಿ ಬಾಗಿಲು ಹಾಕಿಕೊಂಡಳು.

ಗುಂಡಿಯಕ್ಕ ಹಿಂದೆಯೇ ಹೋಗಿ, ಸದ್ದಿಲ್ಲದೆ, ಹೊರಗಿನಿಂದ ಚಿಲಕ ಹಾಕಿದಳು. ಒಳಗಿನ ಚಿಲಕ ಮುರಿದು ಬಹಳ ದಿನವಾಗಿತ್ತು.

ಬಂದು ಅತ್ತೆಯ ಕುರ್ಚಿಯ ಪಕ್ಕ ನಿಂತಳು. ಬಗ್ಗಿ, ಸೆರಗು ಸರಿಮಾಡುವವಳ ಹಾಗೆ, ಕಿವಿಯಲ್ಲಿ ಹೇಳಿದಳು: "ಅತ್ತೆ, ನಿಮ್ಮ ತಮ್ಮನ ಮಗಳು ಒಳಗಿದ್ದಾಳೆ, ಚಿಲಕ ಹೊರಗಿದೆ. ನಾನು ನಿಮ್ಮ ಸೊಸೆ ಅಂತ ಬಾಯಿ ತುಂಬ ಹೇಳಿ, ಇನ್ನೊಬ್ಬಳ ವಿಷಯ ನಾನು ಎತ್ತಲ್ಲ. ಓಡಿಹೋದಳು ಅಂದ್ರೋ, ಈಗಲೇ ಚಿಲಕ ತೆಗೆದು, ಓಡಿಹೋದವಳು ಇಗೋ ಇಲ್ಲಿದ್ದಾಳೆ ಅಂತ ಅವನ ಕೈಗೆ ಕೊಡ್ತೀನಿ. ತುತ್ತೂರಿ ಸಮೇತ."

ಅತ್ತೆ ನಿಧಾನವಾಗಿ ತಲೆ ಎತ್ತಿ ನೋಡಿದಳು. ಸೂಜಿಯಷ್ಟು ಸುಳ್ಳು ಹೇಳಲು ಬಾರದೆ ತೊದಲುತ್ತಿದ್ದ ಸೊಸೆ ಇವಳೇನಾ ಅನ್ನುವ ಹಾಗೆ. ಅವಳ ಕಣ್ಣಲ್ಲಿ ಕೋಪವಿತ್ತು. ಕೋಪದ ಪಕ್ಕದಲ್ಲೇ ಇನ್ನೊಂದೂ ಇತ್ತು, ಒಳ್ಳೆಯ ಗಿರಾಕಿ ಸಿಕ್ಕಾಗ ವ್ಯಾಪಾರಿಯ ಕಣ್ಣಲ್ಲಿ ಇರುತ್ತದಲ್ಲ, ಅದು.

ಬೂಟು ಬಂದು ನಿಂತಿತು. ಬೂಟಿನವನು ಈ ಸಲ ಬಹಳ ಹುಷಾರು. ಗುಂಡಿಯಕ್ಕನ ಕಡೆ ನೋಡಲೇ ಇಲ್ಲ. ಪೆನ್ನು ತೆಗೆದು, ಅತ್ತೆಯ ಮುಂದೆ ಬಗ್ಗಿ, ಜೋರಾಗಿ ಕೇಳಿದ:

"ಅಜ್ಜೀ, ಈ ಮನೆಗೆ ಹಿರಿಯರು ನೀವೇ ತಾನೇ? ಇವರು ಯಾರು? ಇವರು ಇಲ್ಲೇ ಇರೋದಾ? ಸರಿಯಾಗಿ ನೋಡಿ ಹೇಳಿ. ನೀವು ಹೇಳಿದ್ದನ್ನೇ ಬರ್ಕೊಳ್ಳೋದು, ಇನ್ನೊಂದು ಸಲ ಬರೋದಿಲ್ಲ."

ಮೇಲೆ ಕಸಬರಿಗೆ ನಿಂತಿತು. ಕೆಳಗೆ ಗಡಿಯಾರದ ಟಿಕ್‌ಟಿಕ್ ಮೂರು ಮಹಡಿಗೆ ಕೇಳುತ್ತಿತ್ತು. ಬಚ್ಚಲಲ್ಲಿ ನಲ್ಲಿ ಕೂಡ ತೊಟ್ಟಿಕ್ಕುವುದನ್ನು ಬಿಟ್ಟು ಕಿವಿಗೊಟ್ಟಿತು. ಗುಂಡಿಯಕ್ಕ ಮೆಲ್ಲಗೆ ಹಿಂದೆ ಸರಿದು ಹೋಗಿ ಬಚ್ಚಲ ಚಿಲಕದ ಮೇಲೆ ಬೆರಳಿಟ್ಟಳು.

ಅತ್ತೆ ಗುಂಡಿಯಕ್ಕನನ್ನು ನೋಡಿದಳು. ಬಚ್ಚಲ ಬಾಗಿಲನ್ನು ನೋಡಿದಳು. ತನ್ನ ಎರಡು ಕಾಲನ್ನೂ ನೋಡಿಕೊಂಡಳು, ಒಂದಾದ ಮೇಲೆ ಒಂದು. ಆಮೇಲೆ ಬೂಟಿನವನ ಮುಖ ನೋಡಿ, ಬಾಯಲ್ಲಿ ಉಳಿದಿದ್ದ ಎಲ್ಲ ಹಲ್ಲನ್ನೂ ತೋರಿಸಿ ನಕ್ಕು, ಒಂದೇ ಒಂದು ಮಾತು ಹೇಳಿದಳು.

ಬಚ್ಚಲ ಬಾಗಿಲ ಹೊರಗೆ ಒಬ್ಬಳು "ಅಯ್ಯೋ!" ಅಂದಳು. ಬಾಗಿಲ ಒಳಗೆ ಇನ್ನೊಬ್ಬಳು "ಅಯ್ಯೋ!" ಅಂದಳು. ಇಷ್ಟು ವರ್ಷದಲ್ಲಿ ಆ ಇಬ್ಬರು ಸೊಸೆಯಂದಿರ ಬಾಯಿಂದ ಒಟ್ಟಿಗೆ ಒಂದೇ ಮಾತು ಬಂದದ್ದು ಅದೇ ಮೊದಲು. ಬೂಟಿನವನು ಅತ್ತೆಯ ಮಾತನ್ನು ಹಾಗೇ ಬರೆದುಕೊಂಡ.

ಅತ್ತೆ ಏನಂದಿರಬಹುದು? ಹೇಳಿ ನೋಡೋಣ. ನಿಮ್ಮ ಮನೆಯಲ್ಲೂ ಒಬ್ಬಳು ಅತ್ತೆ ಇದ್ದೇ ಇರುತ್ತಾಳಲ್ಲ, ಹೊಳೆಯದಿದ್ದರೆ ಅವಳನ್ನೇ ಕೇಳಿಕೊಂಡು ಬನ್ನಿ.